‘ನೀನು’ ಎಂಬ ನಿಯಮ

ಕೆಂಗೇರಿ, ೧೪ ಮಾರ್ಚ್ ೧೯೭೪, ಗುರುವಾರ

ಬೆಳಗಿನದು ಇನ್ನೂ ಎದೆಯಲ್ಲಿ ಕುದಿಯುತ್ತಿದೆ. ಒಟ್ಟಿಗೆ ಬಾಳಿ ಒಟ್ಟಿಗೆ ಉಳುವ ನಮ್ಮ ಬಳಗದಲ್ಲಿ ಯಜಮಾನರಿಲ್ಲ, ಎಲ್ಲರೂ ಎಲ್ಲರಿಗೂ ‘ನೀನು’ ಎನ್ನಬೇಕು. ಆ ನಿಯಮ ತಂದವಳು ನಾನೇ.

ಇವತ್ತು ಸಭೆಯಲ್ಲಿ ಮುನಿವೆಂಕಟ, ಮೊದಲು ಇದೇ ಹೊಲದಲ್ಲಿ ಕೂಲಿಯಾಗಿದ್ದವನು, ಬಳಗಕ್ಕೆ ಜಮೀನು ಕೊಟ್ಟ ರೇವಣಸಿದ್ದಯ್ಯನಿಗೆ, “ಕಕ್ಕಸು ತೊಳೆಯೋ ಸರದಿ ಇವತ್ತು ನಿಂದು ಕಣೋ” ಎಂದ.

ರೇವಣಸಿದ್ದಯ್ಯ ಎದ್ದು ನಿಂತ. “ನಾಳೆನೇ ಜಮೀನು ವಾಪಸ್ ತಗೋತೀನಿ.”

ಎಲ್ಲರೂ ನನ್ನ ಮುಖ ನೋಡಿದರು. ರೇವಣಸಿದ್ದಯ್ಯನಿಗೆ ನನ್ನ ಬಾಯಿಂದ ಬಂದದ್ದು, “ನೀವು ಕೂತ್ಕೊಳ್ಳಿ, ಅವನಿಗೆ ನಾನು ಹೇಳ್ತೀನಿ.”

ಅವರು ಕೂತರು. ಬರೆಯುವಾಗಲೂ ‘ಕೂತರು’ ಎಂದೇ ಬರುತ್ತಿದೆ, ಥೂ.

ಮುನಿವೆಂಕಟ ಪೊರಕೆ ತಾನೇ ತೆಗೆದುಕೊಂಡ. ನಿನ್ನೆಯವರೆಗೂ ನನ್ನನ್ನು ಗಿರಿಜಾ ಎನ್ನುತ್ತಿದ್ದವನು, ಬಾಗಿಲಲ್ಲಿ ನಿಂತಿದ್ದ ನನಗೆ, “ಸ್ವಲ್ಪ ದಾರಿ ಬಿಡಿ, ಅಮ್ಮಾವ್ರೇ” ಎಂದ.