ಮಲಗಮ್ಮ ಅಂದ ಮೇಲೆ

ಮಾರ್ಚ್ 4, ರಾತ್ರಿ

ರೂಮಿನಲ್ಲಿ ಮೂವರ ಗೊರಕೆ. ಹೊರಗೆ ಮೆಟ್ಟಿಲ ಮೇಲೆ ಕೂತು ಫೋನಿಗೇ ಹೇಳ್ತಿದೀನಿ. ಬರೆಯೋಣ ಅಂದರೆ ಬೆರಳು ಬಗ್ಗಲ್ಲ. ಇವತ್ತೂ ತುಕ್ಕು ಕೆರೆದದ್ದೇ. ಹಳೇ ಡೀಸೆಲ್ ರೈಲು ಎಂಜಿನ್ನು, ನಮ್ಮ ಅಜ್ಜನ ಓರಗೆಯದು. ವರ್ಷಗಟ್ಟಲೆ ಶೆಡ್ಡಿನಲ್ಲಿ ಹೆಣದ ಹಾಗೆ ಬಿದ್ದಿತ್ತಂತೆ. ಶನಿವಾರ ಸ್ಟಾರ್ಟ್ ಮಾಡಿ ನೋಡ್ತಾರೆ.

ಸಂಜೆ ಮೇಸ್ತ್ರಿ ಎಂದಿನಂತೆ ಕೊನೆಗೆ ಇಳಿದರು. ಬ್ಯಾಟರಿ ಸ್ವಿಚ್ ಕೆಳಗೆಳೆದು ಆಫ್ ಮಾಡಿ, ಎಂಜಿನ್ನಿನ ಮೈ ತಟ್ಟಿ, "ಮಲಗಮ್ಮ" ಅಂದರು. ದಿನಾ ಅಂತಾರೆ. ಅನ್ನದಿದ್ದರೆ ಸ್ವಿಚ್ ಎಳೆದಿಲ್ಲ ಅಂತಲೇ ಲೆಕ್ಕ.

ಮಾರ್ಚ್ 6, ನಿದ್ದೆ ಬರ್ತಿಲ್ಲ

ಮಧ್ಯಾಹ್ನ ಅಮ್ಮನ ಫೋನ್. ಹಿಂದಿನಿಂದ ಸೋದರಮಾವನ ದನಿ — "ಏನಂತಾನೆ ಗುಜರಿ ಸಾಹುಕಾರ?" ಅಮ್ಮ ಮಾತು ತಿರುಗಿಸಿ, ಊಟ ಆಯ್ತಾ ಅಂದಳು. ಅದೇ ಚುಚ್ಚಿತು. ಎಂಜಿನ್ ಓಡಿಸೋದು ನಾನೇ ಅಂದುಬಿಟ್ಟೆ. ವಿಡಿಯೊ ಕಳಿಸು ಅಂದಳು.

ಎಲ್ಲರೂ ಹೋದ ಮೇಲೆ, ಊಟದ ಡಬ್ಬಿ ಮರೆತೆ ಅಂತ ವಾಚ್‌ಮನ್‌ಗೆ ಹೇಳಿ ಒಳಗೆ ಹೋದೆ. ಫೋನಿನಲ್ಲಿ ವಿಡಿಯೊ ಆನ್ ಮಾಡಿಕೊಂಡೇ ಬ್ಯಾಟರಿ ಸ್ವಿಚ್ ಎತ್ತಿದೆ. ಕೈಗೆ ಸಿಕ್ಕ ಗುಂಡಿಯೆಲ್ಲ ಒತ್ತಿದೆ. ಡ್ರೈವರ್ ಸೀಟಿನಲ್ಲಿ ನಾನು, ಎದುರಿಗೆ ಗೋಡೆ ತುಂಬ ಹೆಡ್‌ಲೈಟು... ವಾಚ್‌ಮನ್ ಕೂಗಿದ. ಹೆಡ್‌ಲೈಟ್ ಆರಿಸಿ ಹಾರಿ ಇಳಿದೆ.

ವಿಡಿಯೊನ ಅಮ್ಮ ಬೀದಿಗೆಲ್ಲ ತೋರಿಸಿದಳಂತೆ. ಮಾವನೇ ಫೋನ್ ಮಾಡಿ, "ಪರವಾಗಿಲ್ವೋ ಅಳಿಯ" ಅಂದ.

ಮಾರ್ಚ್ 7

ಎಂಜಿನ್ನು ಒಂದು ಸಲ ನರಳಿತು. ಅಷ್ಟೇ. ಬ್ಯಾಟರಿ ಖಾಲಿ. ಸ್ಟಾರ್ಟ್ ಆಗೋದು ನೋಡೋಕೆ ಬಂದ ಅತಿಥಿಗಳು ಕುರ್ಚಿ ಬಿಟ್ಟು ಎದ್ದರು.

ನೋಡಿದರೆ ಸ್ವಿಚ್ ಮೇಲೇ ಇತ್ತು. ಎಂಜಿನ್ ಕೋಣೆಯ ದೀಪಗಳು ಮುಚ್ಚಿದ ಬಾಗಿಲ ಹಿಂದೆ ರಾತ್ರಿಯಿಡೀ ಉರಿದಿವೆ. ಯಾವ ಗುಂಡಿ ಒತ್ತಿದ್ದೆನೋ, ನನಗೇ ಗೊತ್ತಿರಲಿಲ್ಲ.

ಕೊನೆಗೆ ಇಳಿದವರು ಯಾರು ಅಂತ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು.

"ನಾನೇ," ಅಂದರು ಮೇಸ್ತ್ರಿ. "ಮಲಗಮ್ಮ ಅಂದಿದ್ದು ನೆನಪಿದೆ. ಸ್ವಿಚ್ ಎಳೆದಿದ್ದು..." ಅಂತ ತಮ್ಮ ಅಂಗೈಯನ್ನೇ ನೋಡಿಕೊಂಡರು.

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲಾದರೂ ಮುಟ್ಟಿ ನೋಡಿಕೊಂಡ. ನಾನು ಅದನ್ನೂ ಮಾಡಲಿಲ್ಲ. ತಲೆ ತಗ್ಗಿಸಿ ಬೋಲ್ಟ್ ತಿಕ್ಕುತ್ತಾ ಇದ್ದೆ. ಮೊದಲೇ ಹೊಳೆಯುತ್ತಿದ್ದ ಬೋಲ್ಟು.

ಮಾರ್ಚ್ 8

ಏನೂ ಇಲ್ಲ ಹೇಳೋಕೆ. ಥೂ.

ಮಾರ್ಚ್ 14, ಸಂಜೆ

ಬ್ಯಾಟರಿ ಮತ್ತೆ ಚಾರ್ಜ್ ಆಗಿ, ಇವತ್ತು ಎಂಜಿನ್ನಮ್ಮ ಎದ್ದಳು. ಮೊದಲು ಕೆಮ್ಮು, ಆಮೇಲೆ ಕಪ್ಪು ಹೊಗೆ, ಆಮೇಲೆ ನೆಲವೇ ನಡುಗೋ ಹಾಗೆ ಗುಡುಗು. ಎಲ್ಲರ ಚಪ್ಪಾಳೆ. ಮೇಸ್ತ್ರಿ ಮಾತ್ರ ಕೆಳಗೆ, ಹಳಿ ಪಕ್ಕ. ಮೇಲೆ ಹತ್ತಬೇಡಿ ಅಂದಿದ್ದಾರಂತೆ ಮ್ಯಾನೇಜರ್. ಸ್ವಿಚ್ಚಿನ ಜವಾಬ್ದಾರಿ ಇನ್ನು ಮೇಲೆ ನನ್ನದಂತೆ. ನನ್ನದು.

ಊಟದ ಹೊತ್ತಿಗೆ ಮೇಸ್ತ್ರಿ ಪಕ್ಕದಲ್ಲಿ ಬಂದು ಕೂತರು. ಡಬ್ಬಿ ಬಿಚ್ಚಲಿಲ್ಲ.

"ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು ತಮ್ಮಾ. ಮೊದಲು ಗ್ಯಾಸ್ ಆರ್ಸೋದು ಮರೆತ. ಕೊನೆಗೆ ನಾನ್ಯಾರು ಅಂತ ಮರೆತ."

ನಾನೂ ಡಬ್ಬಿ ಮುಚ್ಚಿಟ್ಟೆ. ಸೋಮವಾರದಿಂದ ಕೆಲಸಕ್ಕೆ ಬರಲ್ಲವಂತೆ. ಸ್ಪ್ಯಾನರ್‌ಗಳನ್ನ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ನಂಬಿಕಸ್ಥ ಹುಡುಗ ಅಂತ ಮ್ಯಾನೇಜರ್‌ಗೆ ಹೇಳಿದ್ದಾರಂತೆ.

ತಗೊಂಡೆ. ಕೈ ಚಾಚಿ ತಗೊಂಡೆ.

ಅದೇ ರಾತ್ರಿ

ಮೇಸ್ತ್ರಿ ಮನೆ ಬಾಗಿಲಲ್ಲಿ ನಿಂತಿದೀನಿ. ಕಂಕುಳಲ್ಲಿ ಸ್ಪ್ಯಾನರ್ ಗಂಟು. ಒಳಗೆ ದೀಪ ಇದೆ. ಹೇಳಿದರೆ ಕೆಲಸ ಹೋಗುತ್ತೆ. ಮಾವ ವರ್ಷವಿಡೀ ಆಡಿಕೊಂಡು ನಗ್ತಾನೆ. ಅಮ್ಮ ಬೀದಿಯಲ್ಲಿ ಹೇಗೆ ತಲೆ ಎತ್ತುತ್ತಾಳೋ...

ಬಾಯಲ್ಲಿ ಹೇಳಿದರೆ ನಂಬಲ್ಲ ಅವರು. "ನನ್ನ ಉಳಿಸೋಕೆ ಹೇಳ್ತಿದೀಯ" ಅಂತಾರೆ. ವಿಡಿಯೊ ತೋರಿಸ್ತೀನಿ. ಅದರಲ್ಲಿ ಅವರು ಕೆಳಗೆಳೆದಿದ್ದ ಸ್ವಿಚ್ ಕಾಣುತ್ತೆ, ಎತ್ತೋ ಕೈಯೂ ಕಾಣುತ್ತೆ.

ಬೆಲ್ ಒತ್ತಿದೆ. ಚಪ್ಪಲಿ ಸದ್ದು. ರೆಕಾರ್ಡ್ ನಿಲ್ಲಿಸಬೇಕು, ಬೆರಳು —

"ಯಾರು? ಓ, ನೀನಾ. ಇಷ್ಟು ಹೊತ್ತಲ್ಲಿ? ಸ್ವಿಚ್ ಎಳೆದೆ ತಾನೇ ತಮ್ಮಾ?"

"ಇವತ್ತು ಎಳೆದೆ ಮೇಸ್ತ್ರಿ. ಅವತ್ತು ನೀವೂ ಎಳೆದಿದ್ರಿ. ನೀವು ಹೋದ ಮೇಲೆ ನಾ—"