ಏಳು ಕೋಳಿ, ಒಂದು ನಾಯಿ

ಡಿಸೆಂಬರ್ 2, ಸೋಮವಾರ. ಬೆಳಗ್ಗೆ 6.15

ಗೂಡಿನ ಬಾಗಿಲು ತೆಗೆದೆ. ಆರು ಹೊರಗೆ ಬಂದವು. ಏಳನೆಯದು ಚಿಕ್ಕಿ, ಕಾವಿಗೆ ಕೂತಿದೆ. ನೀರಿನ ಮಡಕೆ ತೊಳೆದು ತುಂಬಿಸಿದೆ. ಜೋಳದ ನುಚ್ಚು ಎರಡು ಬೊಗಸೆ. ತತ್ತಿ ಮೂರು.

ಮನೀಷಾ ಗಡಹಿಂಗ್ಲಜದ ತವರಿಗೆ ಹೋಗಿ ಮೂರು ದಿನ. ಅವಳ ಅವ್ವ ಯಮುನವ್ವನಿಗೆ ಕಣ್ಣಿನ ಆಪರೇಶನ್. ಇನ್ನೂ ಎರಡು ವಾರ ಬರುವುದಿಲ್ಲ. ಹೆಂಡತಿ ಹೋದ ಮನೆಯಲ್ಲಿ ಗಂಡನಿಗಿಂತ ಕೋಳಿಯ ಚಿಂತೆ ಹೆಚ್ಚು... ಕ್ಯಾಲೆಂಡರಿನ ಹಿಂಬದಿಗೆ ಬರೆದು ಗೋಡೆಗೆ ಅಂಟಿಸಿ ಹೋಗಿದ್ದಾಳೆ. ಕತ್ತಲಾಗುವ ಮುಂಚೆ ಬಾಗಿಲು ಹಾಕಬೇಕು. ನೀರು ದಿನಾ ಬದಲಿಸಬೇಕು. ಗಾಳಿಯ ಜಾಳಿಗೆ ಗೋಣಿ ಕಟ್ಟಬಾರದು. ನೆಲದ ಹೊಟ್ಟು ಒದ್ದೆಯಾದರೆ ತೆಗೆದು ಭತ್ತದ ಒಣ ಹೊಟ್ಟೇ ಹಾಕಬೇಕು. ಕೊನೆಗೆ ಅಡಿಗೆರೆ ಎಳೆದು — ಚಿಕ್ಕಿಯನ್ನು ಮುಟ್ಟಬೇಡಿ.

ಇಪ್ಪತ್ತೆರಡು ವರ್ಷದಿಂದ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್, ಮಗ್ಗ ರಿಪೇರಿ ಮಾಡುವವ. ನಲವತ್ತೆಂಟು ಮಗ್ಗ ನನ್ನ ಕೈಯಲ್ಲಿ ನಡೆಯುತ್ತವೆ. ಏಳು ಕೋಳಿಗೆ ನನಗೆ ಚೀಟಿ.

ಡಿ. 5, ಗುರುವಾರ. ಸಂಜೆ

ಮಡಕೆ ಉರುಳಿಸಿವೆ. ಹೊಟ್ಟೆಲ್ಲ ರಾಡಿ, ಕೆಟ್ಟ ನಾತ. ಅಕ್ಕಿ ಮಿಲ್ಲಿಗೆ ಹೋಗಿ ಹೊಟ್ಟು ತರಬೇಕಿತ್ತು — ಬೇಜಾರು. ಶೆಡ್ಡಿನಿಂದ ಒಂದು ಚೀಲ ವೇಸ್ಟೇಜ್ ಸೂತು, ಮಗ್ಗದಲ್ಲಿ ಹರಿದುಳಿದ ನೂಲು, ತಂದು ಹಾಸಿದೆ. ಒಣಗಿದ್ದು, ಮೆತ್ತಗೆ. ಚಿಕ್ಕಿಯ ಬುಟ್ಟಿಯೂ ಒದ್ದೆಯಾಗಿತ್ತು. ಅದನ್ನೆತ್ತಿ, ಅಡಿಗೆ ಸೂತು ತುಂಬಿ, ತತ್ತಿ ಮತ್ತೆ ಜೋಡಿಸಿ ಕೂರಿಸಿದೆ. ಕೈಗೆ ಕುಕ್ಕಿತು.

ಪಕ್ಕದ ಮನೆಯ ತಮ್ಮಣ್ಣ ಗೋಡೆಯಾಚೆಯಿಂದ, "ಏನೋ ಗುಂಡು, ಕೋಳಿಗೂ ಗಾದಿ ಹೊಲಿಯಾಕತ್ತೀ ಏನು?" ಎಂದ. ನಮ್ಮ ಶೆಡ್ಡಿನಲ್ಲೇ ದುಡಿದು ರಿಟೈರ್ ಆದವನು. ಹೆಂಡತಿ ತೀರಿದ ಮೇಲೆ ಅವನು ಮತ್ತು ಅವನ ನಾಯಿ ಕಾಳ್ಯಾ, ಇಬ್ಬರೇ. ಒಂದೇ ಡಬ್ಬಿಯಿಂದ ಊಟ.

ಮನೀಷಾಳ ಫೋನು. ಎಲ್ಲಾ ಚಲೋ ಐತಿ ಅಂದೆ. ಸೂತಿನ ಮಾತು ಎತ್ತಲಿಲ್ಲ.

ಡಿ. 9, ಸೋಮವಾರ

ಕೆಂಪು ಕೋಳಿ ಕುಂಟುತ್ತಿತ್ತು. ಹಿಡಿದು ನೋಡಿದರೆ ಬೆರಳಿಗೆ ಸೂತು ಬಿಗಿದಿದೆ, ಬೆರಳು ಕಪ್ಪಾಗಿದೆ. ಬ್ಲೇಡಿನಿಂದ ಕತ್ತರಿಸಿದೆ. ಇದನ್ನು ತೆಗೆದು ಹೊಟ್ಟು ಹಾಕಬೇಕು. ನಾಳೆ.

ಡಿ. 11, ಬುಧವಾರ. ಸಂಜೆ 5.30

ಚಿಕ್ಕಿ ಹೋಯಿತು.

ಮಧ್ಯಾಹ್ನ ಊಟಕ್ಕೆ ಬಂದಾಗ ಬುಟ್ಟಿಯ ಹೊರಗೆ ಬಿದ್ದಿತ್ತು. ಎರಡೂ ಕಾಲಿಗೆ ಸೂತು. ಎಳೆದಾಡಿ ಬುಟ್ಟಿ ಮಗುಚಿದೆ, ತತ್ತಿ ಒಡೆದಿವೆ. ಒಳಗೆ ಪಿಳ್ಳೆಗಳಿಗೆ ಪುಕ್ಕ ಮೂಡಿತ್ತು. ಚಿಕ್ಕಿಗೆ ಇನ್ನೂ ಜೀವವಿತ್ತು, ಬಾಯಿ ತೆರೆದುಕೊಂಡೇ ಇತ್ತು. ಕೊಕ್ಕಿನಿಂದ ಎಳೆ ಇಣುಕುತ್ತಿತ್ತು. ಹಗುರವಾಗಿ ಎಳೆದೆ. ಒಂದು ಮೊಳ ಬಂತು, ಹರಿಯಿತು. ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿದರೆ ಕಲ್ಲು. ದಿನವಿಡೀ ಹರಿದ ಎಳೆ ಗಂಟು ಹಾಕುವ ಕೈ ಇದು. ಇಲ್ಲಿ ಏನೂ ಆಗಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಾಲ್ಕರ ಸುಮಾರಿಗೆ ಕತ್ತು ಬಿಟ್ಟಿತು.

ಯಮುನವ್ವ ತನ್ನ ಮನೆಯ ತಳಿಯೆಂದು ಎಸ್‌ಟಿ ಬಸ್ಸಿನಲ್ಲಿ ಉಡಿಯಲ್ಲಿಟ್ಟು ತಂದುಕೊಟ್ಟ ಪಿಳ್ಳೆ ಅದು. ಆ ತಳಿಯಲ್ಲಿ ಉಳಿದದ್ದು ಇದೊಂದೇ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಇದರ ಮರಿ ನೋಡಲು ಬರುತ್ತೇನೆ ಎಂದಿದ್ದಳು.

ಕರಿಬೇವಿನ ಗಿಡದ ಹತ್ತಿರ ಹುಗಿದೆ. ಸೂತೆಲ್ಲ ಸುಟ್ಟೆ. ಮಿಲ್ಲಿಗೆ ಹೋಗಿ ಹೊಟ್ಟು ತಂದೆ. ಹೋಗಿ ಬರಲು ಹತ್ತು ನಿಮಿಷ ಹಿಡಿಯಿತು. ಹತ್ತೇ ನಿಮಿಷ.

ಡಿ. 12, ಗುರುವಾರ

"ಚಿಕ್ಕಿ ಹೆಂಗೈತ್ರಿ? ಅವ್ವ ಕೇಳಾಕತ್ತಾಳ."

ಹೇಳಬೇಕೆಂದೇ ಫೋನು ಎತ್ತಿದ್ದೆ. ಬಾಯಿಂದ ಬಂದದ್ದು — "ತಮ್ಮಣ್ಣನ ನಾಯಿ ಹಿಡೀತು."

ಯಾಕೆ ಹಾಗೆಂದೆ? ಗೋಡೆಯ ಬುಡದಲ್ಲಿ ಕಾಳ್ಯಾ ಮಲಗಿತ್ತು. ಕಣ್ಣಿಗೆ ಬಿತ್ತು. ಅಷ್ಟೇ.

ಡಿ. 16, ಸೋಮವಾರ

ಮನೀಷಾ ಬಂದಳು. ಚೀಲ ಇಳಿಸಿ, ಗೂಡು ನೋಡಿ, ನೇರ ತಮ್ಮಣ್ಣನ ಬಾಗಿಲಿಗೆ ಹೋದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ನಡುವೆ ಹೋಗುತ್ತಿದ್ದೆನೇನೋ... ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಅವನೇ ಬಂದ. ಕೈ ಮುಗಿದ. "ತಪ್ಪಾತವ್ವಾ. ಅದಕ್ಕ ಏನು ತಿಳೀತೈತಿ, ಕಟ್ಟಿ ಹಾಕೋದು ನಂದ ಕೆಲಸ ಇತ್ತು." ನನ್ನ ಕಡೆ ತಿರುಗಿ, "ನೀ ಆವಾಗಽ ಹೇಳಬೇಕಿಲ್ಲೇನೋ ಗುಂಡು? ನನ್ನ ಮಾರಿ ನೋಡಿ ಸುಮ್ಮನಾದೀ ಏನು?" ಎಂದ.

ನಾನು ದೊಡ್ಡ ಮನಸ್ಸಿನವನೆಂದು ತಿಳಿದಿದ್ದಾನೆ. ಚಹಾ ಕುಡಿಯುತ್ತಿದ್ದೆ. ಕುಡಿದೆ.

ಡಿ. 19, ಗುರುವಾರ

ತಮ್ಮಣ್ಣ ಕಾಳ್ಯಾನನ್ನು ಉದಗಾಂವದ ತಂಗಿ ಶಾಲನಳ ಮನೆಗೆ ಬಿಟ್ಟು ಬಂದ. ಅಷ್ಟು ದೂರ ಸೈಕಲ್ಲಿನ ಜೊತೆ ಓಡಿತಂತೆ, ತಿರುಗಾಡಲು ಹೊರಟ ಖುಷಿಯಲ್ಲಿ. ಬರುವಾಗ ಚೀಲದಲ್ಲಿ ಒಂದು ಕೋಳಿ ತಂದ. ಮನೀಷಾಳ ಕೈಗೆ ಕೊಟ್ಟು, "ಇದು ಅದರ ಬದಲಿ ಅಲ್ಲವ್ವಾ. ಹಂಗಽ ಇರಲಿ" ಎಂದ.

ಹೊಸದನ್ನು ಮನೀಷಾ ಬೇರೆ ಬುಟ್ಟಿಯಡಿ ಇಟ್ಟಿದ್ದಾಳೆ. ಏನಾದರೂ ರೋಗವಿದ್ದರೆ ಉಳಿದವಕ್ಕೆ ಹತ್ತುತ್ತದಂತೆ. ಎರಡು ವಾರ ಕೂಡಿಸಬಾರದು. ಅವಳಿಗೆ ಎಲ್ಲವೂ ಗೊತ್ತು. ಒಂದು ಚೀಟಿಯನ್ನು ಓದಿ ನಡೆದಿದ್ದರೆ ಸಾಕಿತ್ತು ನಾನು.

ಡಿ. 24, ಮಂಗಳವಾರ

ಶಾಲನ ಫೋನು ಮಾಡಿದ್ದಾಳೆ. ಕಾಳ್ಯಾ ಹಗ್ಗ ಹರಿದುಕೊಂಡು ಹೋಗಿ ಮೂರು ದಿನ. ಇತ್ತ ಬಂದಿಲ್ಲ.

ಡಿ. 29, ರವಿವಾರ

ನನ್ನ ಗಾಡಿಯ ಮೇಲೆ ತಮ್ಮಣ್ಣನನ್ನು ಕರೆದೊಯ್ದೆ. ಉದಗಾಂವದ ಸುತ್ತ ಕಬ್ಬು ಕಡಿಯುವವರು, ಟ್ರ್ಯಾಕ್ಟರಿನವರು, ಧಾಬಾದವರು — ಎಲ್ಲರನ್ನೂ ಕೇಳಿದೆವು. "ಕಾಳಾ ಕುತ್ರಾ, ಕಾನ ತುಟಲೇಲಾ" — ಕಪ್ಪು ನಾಯಿ, ಕಿವಿ ಹರಿದದ್ದು. ಯಾರೂ ನೋಡಿಲ್ಲ. ಅವನು ಕಬ್ಬಿನ ಬದುವಿನ ಮೇಲೆ ನಿಂತು ಹೆಸರು ಹಿಡಿದು ಕೂಗಿದ. ನಾನೂ ಕೂಗಿದೆ. ನಾಚಿಕೆಯಾಗಬೇಕು ನನಗೆ. ಆಯಿತು ಕೂಡ. ಆದರೂ ಹೇಳಲಿಲ್ಲ.

ಡಿ. 31, ಮಂಗಳವಾರ. ಬೆಳಗ್ಗೆ

ಮನೀಷಾ ಗೂಡಿಗೆ ಸುಣ್ಣ ಬಳಿಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು.

"ನಾಯಿ ಹಿಡದಿದ್ರ ಪುಕ್ಕ ಹಿತ್ತಲ ತುಂಬ ಹಾರಿರತಿದ್ವು. ಒಂದೂ ಸಿಗಲಿಲ್ಲ. ಹೆಂಗ್ರೀ?"

ಎಲ್ಲ ಹೇಳಿದೆ. ಸೂತು, ಬುಟ್ಟಿ, ಫೋನು. ಬಳಿಯುವುದು ನಿಲ್ಲಿಸಲಿಲ್ಲ ಅವಳು. ಮೂರು ಬದಿ ಮುಗಿದ ಮೇಲೆ, "ಸೂತು ಹಾಕಿದ್ದು ಆತು. ಗೊತ್ತಿಲ್ದ ಮಾಡಿದ್ರಿ. ನಾ ಆ ಮುದುಕನ ಬಾಗಲಕ್ಕ ಹೋಗಿ ನಿಂತೆನಲ್ರೀ, ನಿಮ್ಮ ಮಾತು ನಂಬಿ. ನನ್ನ ಮುಂದ ಹೇಳಿದ್ರ ಆಗಂಗಿಲ್ಲ. ಅವರ ಮುಂದ ಹೇಳ್ರಿ."

ನಾಲ್ಕನೆಯ ಬದಿ ಬಳಿದು ಒಳಗೆ ಹೋದಳು. ತಾಟು ಬಡಿಸಿಟ್ಟಳು.

ಜನವರಿ 2, ಗುರುವಾರ

ಹೋದೆ. ತಮ್ಮಣ್ಣನ ಬಾಗಿಲು ಹಾಕಿತ್ತು ಎಂದು ತಿರುಗಿ ಬಂದೆ. ಹಾಕಿರಲಿಲ್ಲ.

ಜ. 5, ರವಿವಾರ. ಮಧ್ಯಾಹ್ನ 12

ಹೇಳಿದೆ.

ಹುಡುಕಲು ಹೋಗೋಣವೆಂದು ಬೆಳಗ್ಗೆ ಗಾಡಿ ಒರೆಸಿ ಹೋದೆ. ದಾರಿಯಲ್ಲಿ ಹೇಳುವುದು ಎಂದುಕೊಂಡಿದ್ದೆ. ತಮ್ಮಣ್ಣ ಕಟ್ಟೆಯ ಮೇಲೆ ಕೂತಿದ್ದ. ಚಪ್ಪಲಿ ಹಾಕಿಕೊಂಡಿರಲಿಲ್ಲ.

"ಬ್ಯಾಡೋ ಗುಂಡು. ಅದು ಬರಂಗಿಲ್ಲ. ನಿನಗ ಒಂದು ಮಾತು ಹೇಳಿಲ್ಲ ನಾ. ಬಿಟ್ಟ ಬರೂ ದಿನ ಬಿಡಿಸಿಕೊಂಡು ಸೈಕಲ್ ಹಿಂದ ಓಡಿ ಬಂತು. ಕೋಳಿ ತಿಂದು ನನ್ನ ಮಾರಿಗೆ ಮಸಿ ಬಳದೀ ಅಂತ ಸಿಟ್ಟು ಇತ್ತು. ಕಲ್ಲು ತಗೊಂಡು ಒಗದ್ನಿ. ಒಂಬತ್ತು ವರ್ಷದಾಗ ಒಮ್ಮೆನೂ ಕೈ ಎತ್ತಿರಲಿಲ್ಲ. ಕಣ್ಣಿನ ಹತ್ರ ಬಡೀತು. ಓಡಿ ಹೋಗಲಿಲ್ಲ. ಅಲ್ಲೇ ನಿಂತು ನನ್ನ ನೋಡಾಕತ್ತಿತ್ತು. ಶಾಲನ ಬಂದು ಹಿಡಕೊಂಡು ಹೋದ್ಲು."

ಆಗ ಹೇಳಿದೆ. ನಿಂತುಕೊಂಡೇ. ಒಂದನ್ನೂ ಬಿಡದೆ.

ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ದಿದ್ದರೆ ಕೇಳಿಕೊಂಡು ಬರುತ್ತಿದ್ದೆ. ಅವನು ನನ್ನನ್ನು ನೋಡಲೂ ಇಲ್ಲ. ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡ. ಆಮೇಲೆ ಕೇಳಿದ, ಸಿಟ್ಟಿಲ್ಲದೆ, ಉತ್ತರ ನನಗೆ ಗೊತ್ತಿರಬಹುದು ಎಂಬ ಹಾಗೆ —

"ಹಂಗಾರ ನಾ ಅದಕ್ಕ ಯಾಕ ಹೊಡದ್ನೋ, ಗುಂಡು?"

ನಾನು ಅವನ ಚಪ್ಪಲಿ ತಂದು ಕಾಲಿನ ಮುಂದೆ ಇಟ್ಟೆ.