ಹೊಳೆವ್ವನ ಚೌಕಳಿ ಸೀರೆ

ಮೇಲಿನೂರು,
ಹದಿಮೂರನೆಯ ತಿಂಗಳು, ಇಪ್ಪತ್ತೆಂಟನೆಯ ದಿನ, ವರ್ಷ ೨೨೧೯

ಹೊಳೆವ್ವ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಕಲ್ಲವ್ವನ ಶರಣು.

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡಿದ್ದೇವೆ. ಹಂಚಿದ ಮೇಲೆ ಒಂದು ದಿನ ಉಳಿಯುತ್ತದೆ. ಅದು ಯಾವ ತಿಂಗಳಿಗೂ ಸೇರದ ದಿನ, ಅಂದು ಹಬ್ಬ. ಆ ಹಬ್ಬ ನಾಳೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಮೊಮ್ಮಕ್ಕಳ ಮಾತು ಅಜ್ಜಿಯರಿಗೆ ಪೂರ್ತಿ ತಿಳಿದ ಕಾಲ ಯಾವುದೂ ಇಲ್ಲ.

ನಿಮ್ಮ ಊರನ್ನು ಹೊಳೆ ತೆಗೆದುಕೊಂಡಿತು. ನಾವು ಗುಡ್ಡದ ಮೇಲಿದ್ದೇವೆ. ನಸುಕಿಗೆ ಎದ್ದು ಹೊಲದ ಕೆಲಸ ಮುಗಿಸಿ, ಬಿಸಿಲು ಏರುವುದರೊಳಗೆ ನೆಲಮನೆಗೆ ಇಳಿಯುತ್ತೇವೆ. ನೆಲಮನೆ ಎಂದರೆ ಗುಡ್ಡದ ಹೊಟ್ಟೆ ಕೊರೆದು ಮಾಡಿದ ಉದ್ದನೆಯ ಕೋಣೆ. ಹಗಲೆಲ್ಲ ಅಲ್ಲೇ ಮಗ್ಗ, ಅಲ್ಲೇ ಅಡುಗೆ, ಅಲ್ಲೇ ಜಗಳ. ಹಳೆಯ ಊರಿನಿಂದ ನಮಗೆ ಉಳಿದದ್ದು ನಾಲ್ಕು ನಿಮಿಷದ ಒಂದು ವಿಡಿಯೊ ಮಾತ್ರ. ಮದುವೆಗಳ ಫೋಟೊ ತೆಗೆಯುತ್ತಿದ್ದವನೊಬ್ಬ ಹೊಸದಾಗಿ ಕೊಂಡ ಪುಟ್ಟ ಡ್ರೋನನ್ನು ಪರೀಕ್ಷೆ ಮಾಡಲೆಂದು ನಿಮ್ಮ ಜೋಳದ ಕಣದ ಮೇಲೆ ಹಾರಿಸಿದ್ದ. ನಾವು ಅದನ್ನು ಹಾರುಗಣ್ಣು ಎನ್ನುತ್ತೇವೆ.

ನಾಳಿನ ಹಬ್ಬದ ಹೆಸರು ಮುಖದೂಟ. ನೆಲಮನೆಯ ಗೋಡೆಯ ಮೇಲೆ ಆ ನಾಲ್ಕು ನಿಮಿಷ ಬಿಡುತ್ತಾರೆ. ಯಾರ ಮನೆಯ ಹಿರಿಯರ ಮುಖ ಕಾಣುತ್ತದೆಯೋ ಅವರಿಗೆ ಮೊದಲ ಪಂಕ್ತಿ, ಬಿಸಿ ಹೋಳಿಗೆ, ಮೇಲೆ ತುಪ್ಪ. ಉಳಿದವರಿಗೆ ಎರಡನೆಯ ಪಂಕ್ತಿ. ಆಯಿ, ಕಣದಲ್ಲಿ ಮೂವತ್ತು ಜನರಿದ್ದೀರಿ. ಎಲ್ಲರೂ ತಲೆ ಬಗ್ಗಿಸಿ ದುಡಿಯುತ್ತಿರುವುದರಿಂದ ಮೇಲಿನಿಂದ ನೋಡಿದರೆ ರುಮಾಲು, ಸೆರಗು, ಬೆನ್ನು ಅಷ್ಟೇ. ಒಬ್ಬನ ಮುಖ ಮಾತ್ರ ಅಚ್ಚೊತ್ತಿದಂತಿದೆ. ನಿಮ್ಮ ಪಕ್ಕದ ಮನೆಯ ಗದಿಗೆಪ್ಪ. ಅವನು ಬಣವೆಯ ನೆರಳಿನಲ್ಲಿ ಹೊರಸಿನ ಮೇಲೆ ಅಂಗಾತ ಮಲಗಿದ್ದಾನೆ. ನಾಲ್ಕು ನಿಮಿಷವೂ ಮಿಸುಕುವುದಿಲ್ಲ. ಮೀಸೆಯ ಒಂದೊಂದು ಕೂದಲು, ಕಿವಿಯ ಮೇಲಿನ ಬೀಡಿ, ಮೂಗಿನ ಮೇಲಿನ ನೊಣ ಕೂಡ ಎಣಿಸಬಹುದು. ನಿನ್ನ ಮುಖಕ್ಕೆ ಸಿಗದ ಹೆಸರು ನೊಣಕ್ಕೆ ಸಿಕ್ಕಿದೆ. ಅದು ಗದಿಗೆಪ್ಪನ ನೊಣವೆಂದು ಕೂಸುಗಳಿಗೂ ಗೊತ್ತು.

ನೀನು ಮುಕ್ಕಾಲಿಯ ಮೇಲೆ ನಿಂತು ಮೊರದಿಂದ ಜೋಳ ತೂರುತ್ತಿದ್ದೀ. ಮೂರನೆಯ ನಿಮಿಷದಲ್ಲಿ ಒಮ್ಮೆ ಮೊರವನ್ನು ಎಡಗೈಗೆ ಕೊಟ್ಟು, ಬಲಗೈ ಹಣೆಗೆ ಅಡ್ಡ ಹಿಡಿದು ತಲೆ ಎತ್ತುತ್ತೀ. ಅದೇ ಕ್ಷಣಕ್ಕೆ ಹಾರುಗಣ್ಣಿನ ರೆಕ್ಕೆಗಾಳಿಗೆ ಜೋಳದ ಹೊಟ್ಟು ಎಲ್ಲ ಎದ್ದು, ನಿನ್ನ ಮುಖ, ಕೊರಳು, ಸೀರೆ ಎಲ್ಲವೂ ಚೌಕ ಚೌಕವಾಗಿ ಒಡೆದುಹೋಗುತ್ತವೆ. ಬೂದಿ, ಹಸಿರು, ಮಾಸಿದ ಹಳದಿ. ಎಡ ಹೆಗಲ ಮೇಲೆ ಒಂದೇ ಒಂದು ಗುಲಾಬಿ ಚೌಕ. ನಾವು ಅದನ್ನು ನಿನ್ನ ಸೀರೆ ಎಂದುಕೊಂಡೆವು. ಐದು ತಲೆಮಾರಿನಿಂದ ನಮ್ಮ ಮನೆಯ ಮದುವಣಗಿತ್ತಿಯರು ಉಡುವುದು ಹೊಳೆವ್ವನ ಚೌಕಳಿ. ನನ್ನ ಕೈಯಿಂದಲೇ ಹನ್ನೊಂದು ನೇಯ್ದಿದ್ದೇನೆ. ಗುಲಾಬಿ ಚೌಕ ಎಡ ಹೆಗಲ ಮೇಲೆ ಬೀಳದಿದ್ದರೆ ಬಿಚ್ಚಿ ಮತ್ತೆ ನೇಯಬೇಕು.

ಈ ವರ್ಷ ಹೊಳೆ ಹರಿದುಹೋಗುವ ಕಡೆಯ ಊರಿನಿಂದ ಮಾನಪ್ಪನೆಂಬ ತೇಪೆಗಾರನನ್ನು ಕರೆಸಿದೆ. ತೇಪೆಗಾರರು ಹಳೆಯ ಚಿತ್ರಗಳ ಹರಕಿಗೆ ತೇಪೆ ಹಾಕುವವರು. ಎಪ್ಪತ್ತೊಂದು ವರ್ಷ ಎರಡನೆಯ ಪಂಕ್ತಿಯ ಹೋಳಿಗೆ ತಿಂದಿದ್ದೇನೆ. ಒಮ್ಮೆಯಾದರೂ ಮೊದಲನೆಯದರಲ್ಲಿ ಕೂರಬೇಕೆಂಬ ಆಸೆ. ಅವನು ವಿಡಿಯೊ ನೋಡಿ, ಅದು ಸೀರೆಯೇ ಅಲ್ಲ ಎಂದ. ಆ ಪುಟ್ಟ ಯಂತ್ರಕ್ಕೆ ಚೀಲ ಸಣ್ಣದು, ತುಂಬಬೇಕಾದ ಸಂತೆ ದೊಡ್ಡದು. ಅಲುಗದ್ದನ್ನು ಒಮ್ಮೆ ಬರೆದುಕೊಂಡು, ಹಾಗೇ ಇದೆ ಎಂದು ಮುಂದೆ ಹೋಗುತ್ತಿತ್ತಂತೆ. ಹೊಟ್ಟು, ಧೂಳು, ಎಲೆ, ಅಲೆ ಹೀಗೆ ಕ್ಷಣಕ್ಕೊಂದು ರೂಪವಾಗುವುದನ್ನು ಬರೆಯಲು ಜಾಗ ಸಾಲದೆ, ಚೌಕ ಕತ್ತರಿಸಿ ಅಂದಾಜಿನಲ್ಲಿ ಒಂದೊಂದು ಬಣ್ಣ ಬಳಿಯುತ್ತಿತ್ತಂತೆ.

ಗದಿಗೆಪ್ಪನ ವಂಶದ ಬಸಲಿಂಗವ್ವ ಅಲ್ಲೇ ಕೂತಿದ್ದಳು. ಅವಳು ಯಾವಾಗಲೂ ಅಲ್ಲೇ ಕೂತಿರುತ್ತಾಳೆ.

“ಐದು ತಲಿ ಕೆಟ್ಟ ಚಿತ್ರಾನ ಉಟಗೊಂಡ್ರಲ್ಲ ಕಲ್ಲವ್ವಾ” ಎಂದಳು.

“ನಮ್ಮಾಕಿ ದುಡದು ಕೆಟ್ಟಾಳ. ನಿಮ್ಮಾಂವ ಮಕ್ಕೊಂಡು ಚಂದ ಆಗ್ಯಾನ” ಎಂದೆ.

“ಚಂದ ಆದಾಂವಗ ಮೊದಲ ಹೋಳಿಗಿ” ಎಂದು ಎದ್ದು ಹೋದಳು.

ಮಾನಪ್ಪ ನಿನಗೆ ಮುಖ ಮಾಡಿಕೊಡುತ್ತೇನೆಂದ. ಎರಡು ದಿನ ಕೂತು ಮಾಡಿದ. ನಿನ್ನೆ ತೋರಿಸಿದಾಗ ನೋಡಿದೆ: ಕಣ್ಣು ಚೆನ್ನಾಗಿತ್ತು, ಹಣೆ ಚೆನ್ನಾಗಿತ್ತು, ಮೂಗು ಎಲ್ಲಿಯೋ ನೋಡಿದ್ದು.

“ಈ ಮೂಗು ಯಾರದೋ?”

“ಇದ್ದದ್ರಾಗ ನೋಡಿ ಮಾಡಬೇಕಲ್ಲಬೇ ಯವ್ವಾ. ಇಡೀ ಕಣದಾಗ ಮೂಗು ಕಾಣೋದು ಒಬ್ಬಾಂವಂದ.”

ಸುಳ್ಳು ಹೇಳುವುದಿಲ್ಲ ಆಯಿ, ಆದರೂ ಒಪ್ಪುವ ಮನಸ್ಸಾಯಿತು. ಮೂಗು ಯಾರದಾದರೇನು, ಪಂಕ್ತಿ ಮೊದಲನೆಯದು. ಇಡೀ ಮಧ್ಯಾಹ್ನ ಆ ಚಿತ್ರದ ಎದುರು ಕೂತೆ. ಆಗ ಕಂಡಿತು: ಮುಖ ಕೂರಿಸಲು ಹೊಟ್ಟು ಅಡ್ಡ ಬರುತ್ತದೆಂದು ಅದನ್ನು ಅಳಿಸಿದ್ದ. ಧೂಳು ಅಳಿಸಿದ್ದ. ಚೌಕಗಳ ಜೊತೆ ಗುಲಾಬಿಯೂ ಹೋಗಿತ್ತು. ತೊಳೆದಿಟ್ಟಂಥ ಕಣದಲ್ಲಿ ಗದಿಗೆಪ್ಪನ ಮೂಗಿನ ಹೆಂಗಸೊಬ್ಬಳು ಖಾಲಿ ಮೊರ ಹಿಡಿದು ಸುಮ್ಮನೆ ನಿಂತಿದ್ದಳು. ಅವಳು ನಮ್ಮ ಮನೆಯವಳಲ್ಲ. ನಮ್ಮ ಮನೆಯಲ್ಲಿ ಹಾಗೆ ನಿಂತವರನ್ನು ನಾನು ನೋಡಿಲ್ಲ.

ತೆಗೆಸಿಬಿಟ್ಟೆ. ಹಳೆಯ ಚೌಕಗಳನ್ನೇ ಮರಳಿ ಹಾಕಿಸಿದೆ. ನಾಳೆ ಚೌಕಳಿ ಉಟ್ಟು ಎರಡನೆಯ ಪಂಕ್ತಿಯಲ್ಲಿ ಕೂರುತ್ತೇನೆ. ಅದು ಸೀರೆಯಲ್ಲವಾದರೆ ನೀನು ತೂರಿದ ಹೊಟ್ಟು; ಉಡಲು ಅದೂ ಸಾಕು. ಆದರೆ ನನ್ನ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡ. ಬಸಲಿಂಗವ್ವನ ಎಲೆಗೆ ಬೀಳುವ ತುಪ್ಪದ ಸದ್ದು ನನಗೆ ಗೋಡೆಯಾಚೆಯಿಂದಲೂ ಕೇಳಿಸುತ್ತದೆ.

ಈ ಕಾಗದ ಹೇಗಾದರೂ ಆ ವಿಡಿಯೊದ ಬೆಳಿಗ್ಗೆಗೆ ಮೊದಲೇ ನಿನಗೆ ಮುಟ್ಟಿದರೆ ಒಂದು ಬೇಡಿಕೆ. ಹಾರುಗಣ್ಣು ಬಂದಾಗ ನೀನು ತೂರುವುದನ್ನು ನಿಲ್ಲಿಸಬೇಡ; ಹೋದ ಗಾಳಿ ಮತ್ತೆ ಕರೆದರೆ ಬರುವುದಿಲ್ಲ. ಮುಖ ತೋರಿಸುವ ಗೊಡವೆಗೂ ಹೋಗಬೇಡ. ಅದು ಬರುವ ಮೊದಲೇ ಬಣವೆಯ ನೆರಳಿಗೆ ಹೋಗಿ ಗದಿಗೆಪ್ಪನನ್ನು ಹೊರಸಿನಿಂದ ಎಬ್ಬಿಸಿ, ಕೈಗೆ ಒಂದು ಮೊರ ಕೊಡು. ಅವನೂ ನಾಲ್ಕು ನಿಮಿಷ ಹೊಟ್ಟಿನಲ್ಲಿ ನಿಲ್ಲಲಿ. ಆಮೇಲೆ ಇಲ್ಲಿ ಇರುವುದು ಒಂದೇ ಪಂಕ್ತಿ.

ನಿನ್ನ,
ಕಲ್ಲವ್ವ